ಹೆಬ್ಬೆರಳಿನ ಪಾಲಿಗೆ ಬಂದ ಕೀ

ಕಚೇರಿಯಲ್ಲಿ ಎದುರಿಗೆ ಎಲ್ಲರೂ ಅವಳನ್ನು ಮೇಡಂ ಎನ್ನುತ್ತಿದ್ದರು, ಬೆನ್ನ ಹಿಂದೆ ಅಲ್ಪವಿರಾಮ. ಒಂದು ಅಲ್ಪವಿರಾಮ ಬಿಟ್ಟುಹೋದರೂ ಇಡೀ ಪುಟ ವಾಪಸು ಕಳಿಸುತ್ತಿದ್ದವಳು. ಅಡ್ಡಹೆಸರು ಅವಳ ಕಿವಿಗೂ ಬಿದ್ದಿತ್ತು, ಒಳಗೊಳಗೇ ಖುಷಿಯೂ ಇತ್ತು. ಔಷಧಿ ಡಬ್ಬಿಯೊಳಗೆ ಮಡಿಸಿಡುವ ಚೀಟಿಗಳನ್ನು ಅನುವಾದಿಸುವುದು ಅವಳ ಕೆಲಸ. ಅದನ್ನೆಲ್ಲ ಯಾರು ಓದುತ್ತಾರೆ ಎಂದು ತಮ್ಮ ರೇಗಿಸಿದರೆ, ಕಾಯಿಲೆ ಬಿದ್ದವರು ಓದುತ್ತಾರೆ ಎನ್ನುತ್ತಿದ್ದಳು.

ಕೀಲುಗಳ ಊತ ಶುರುವಾದದ್ದು ಬಲಗೈ ಕಿರುಬೆರಳಿನಿಂದ. ಬೆಳಿಗ್ಗೆ ಲೋಟ ಹಿಡಿಯುವುದೂ ಕಷ್ಟವಾದಾಗ, ಮನೆಯಿಂದಲೇ ಕೆಲಸ ಮಾಡಿ ಎಂದು ಕಚೇರಿಯವರು ಕಂಪ್ಯೂಟರ್ ಕಳಿಸಿಕೊಟ್ಟರು. ಅನುವಾದದ ಸಾಫ್ಟ್‌ವೇರಿನಲ್ಲಿ ಎಡಕ್ಕೆ ಮೂಲ ವಾಕ್ಯ, ಬಲಕ್ಕೆ ಅನುವಾದ. ವಾಕ್ಯ ಸರಿಯಿದೆ ಎಂದು ಒಪ್ಪಲು ಕಂಟ್ರೋಲ್, ಎಂಟರ್ ಕೀಗಳೆರಡನ್ನೂ ಒಟ್ಟಿಗೆ ಒತ್ತಬೇಕು. ಒಮ್ಮೆ ಒಪ್ಪಿದ ವಾಕ್ಯವನ್ನು ಅದು ಮರೆಯುವುದಿಲ್ಲ. ಅದೇ ಮಾತು ಬೇರೆ ಚೀಟಿಯಲ್ಲಿ ಬಂದರೆ ತಾನೇ ತುಂಬಿಬಿಡುತ್ತದೆ.

ತಮ್ಮನದು ಕಂಪ್ಯೂಟರ್ ರಿಪೇರಿ ಅಂಗಡಿ. ಅಕ್ಕನ ಪಕ್ಕ ಕುರ್ಚಿ ಎಳೆದುಕೊಂಡು ಕೂತ. ಯಾವ ಬೆರಳು ಮಡಚುತ್ತದೆ, ಯಾವುದು ಎಲ್ಲಿಯವರೆಗೆ ಚಾಚುತ್ತದೆ ಎಂದು ನೋಡಿ ನೋಡಿ, ಜೋಡಿ ಕೀಗಳ ಕೆಲಸವನ್ನು ಒಂಟಿ ಕೀಗಳಿಗೆ ಹಚ್ಚಿದ. ದರ್ಜಿಯ ಹಾಗೆ ಅಳತೆ ತೆಗೀತೀಯಲ್ಲೋ ಎಂದು ಅವಳು ನಕ್ಕಳು. ಒಂದು ಬೆರಳು ಸೋತಾಗಲೆಲ್ಲ ಅದರ ಪಾಲು ಪಕ್ಕದ ಬೆರಳಿಗೆ ಹೋಯಿತು. ಕೊನೆಗೆ ನೋವಿಲ್ಲದೆ ಆಡುತ್ತಿದ್ದುದು ಬಲಗೈ ಹೆಬ್ಬೆರಳೊಂದೇ. ಒಪ್ಪಿಗೆಯ ಕೀಯನ್ನು ತಮ್ಮ ಅದರ ಬುಡಕ್ಕೇ ತಂದಿಟ್ಟ.

ಅಷ್ಟರಲ್ಲಿ ಯಂತ್ರವೇ ಅನುವಾದಿಸಿದ ಚೀಟಿಗಳು ಬರತೊಡಗಿದ್ದವು. ಓದಿ ತಿದ್ದಿದರೆ ಸಾಕಿತ್ತು. ಒಪ್ಪಲು ಹೆಬ್ಬೆರಳನ್ನು ಒಮ್ಮೆ ಊರಿದರಾಯಿತು. ತಿದ್ದಬೇಕೆಂದರೆ ಅಕ್ಷರ ಅಕ್ಷರಕ್ಕೂ ಹಲ್ಲು ಕಚ್ಚಬೇಕು. ಮೊದಮೊದಲು ಸೊಟ್ಟ ಪದಗಳನ್ನು ಹೋಗಲಿ ಎಂದು ಬಿಟ್ಟಳು. ಆಮೇಲೆ ಸೊಟ್ಟ ವಾಕ್ಯಗಳನ್ನೂ.

ಒಂದು ಮಧ್ಯಾಹ್ನ ಸಂಪಾದಕನ ಫೋನು ಬಂತು. ಅವಳ ಕೈಕೆಳಗೆ ಕೆಲಸ ಕಲಿತ ಹುಡುಗ, ಈಗ ಅವಳ ಮೇಲಿನವನು. ಊಟಕ್ಕೆ ಮುಂಚೆ ನುಂಗಬೇಕಾದ ಮಾತ್ರೆಯನ್ನು ಯಂತ್ರ ಊಟದ ನಂತರ ನುಂಗಿ ಎಂದು ಬರೆದಿತ್ತು. ಅವಳು ಒಪ್ಪಿದ ಆ ಒಂದು ವಾಕ್ಯ ಅದೇ ಔಷಧಿಯ ಅಷ್ಟೂ ಚೀಟಿಗಳಿಗೆ ಹರಡಿತ್ತು.

"ಅಚ್ಚಿಗೆ ಹೋಗೋ ಮುಂಚೆ ಸಿಕ್ತು, ಬಿಡಿ ಮೇಡಂ. ಎಲ್ಲಾ ಕಡೆ ನಾನೇ ಸರಿ ಮಾಡಿದೀನಿ. ಯಾರಿಗೂ ಹೇಳಿಲ್ಲ."

"ನೀನು ತಪ್ಪು ಮಾಡ್ದಾಗ ನಾನು ಹೀಗೆ ಬಿಟ್ಟಿದ್ನಾ?"

ಇನ್ನು ಕೆಲಸ ಕಳಿಸಬೇಡ ಎಂದು ಹೇಳಿ ಅವಳು ಫೋನಿಟ್ಟಳು.

ಸಂಜೆ ಅಂಗಡಿ ಮುಚ್ಚಿ ಬಂದ ತಮ್ಮ, ಕಣ್ತಪ್ಪಿಗೆಲ್ಲ ಹೀಗೆ ಕೈಚೆಲ್ಲುತ್ತಾರಾ ಎಂದ. ಆ ಕೀ ಎರಡು ಸಲ ಒತ್ತಿದರೆ ಮಾತ್ರ ಒಪ್ಪುವ ಹಾಗೆ ಮಾಡಿಕೊಡುತ್ತೇನೆ ಎಂದ.

"ಕಣ್ತಪ್ಪಲ್ಲ ಕಣೋ," ಅಂದಳು. "ಓದಿದ್ದೆ. ತಪ್ಪು ಕಾಣ್ತು. ಬೆರಳು ಉರೀತಿತ್ತು, ಆಮೇಲೆ ತಿದ್ದೋಣ ಅಂತ ಒತ್ತಿದೆ. ಮರ್ತೇಹೋಯ್ತು."

ಕಂಪ್ಯೂಟರನ್ನು ವಾಪಸು ಕೊಡುವ ಮೊದಲು ಕೀಗಳನ್ನೆಲ್ಲ ಮೊದಲಿನಂತೆ ಮಾಡಬೇಕಿತ್ತು. ಜೋಡಿಸಿದ್ದರ ಒಂದು ಕಾಪಿ ಇಟ್ಟುಕೊಳ್ಳಲೇ ಎಂದು ತಮ್ಮ ಕೇಳಿದ.

"ಇನ್ಯಾರ ಕೈಗೆ ಹೊಂದತ್ತೋ ಅದು?" ಅಂದಳು.

ಒಂದೇ ಸಲಕ್ಕೆ ಎಲ್ಲವನ್ನೂ ಅಳಿಸುವ ಗುಂಡಿ ಪರದೆಯ ಕೆಳಗೇ ಇತ್ತು. ತಮ್ಮ ಅದನ್ನು ಮುಟ್ಟಲಿಲ್ಲ. ಒಂದೊಂದೇ ಕೀಯನ್ನು ಬಿಡಿಸುತ್ತ ಕೂತ. ಇದು ಯಾವ ಬೆರಳಿನದು ಎಂದು ಅವಳು ಪಕ್ಕದಲ್ಲಿ ಕೂತು ಹೇಳುತ್ತಿದ್ದಳು.