ಅಕ್ಕನ ತಾಳಿ ಮತ್ತು ನಡುವಿನ ಮೆಷೀನು

ನನಗೆ ನೀರೆಂದರೆ ಭಯ. ಸೊಂಟದ ಮೇಲೆ ನೀರು ಬಂದರೆ ನನ್ನ ಬಾಯಿ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಬೇರೆ ಯಾವುದಕ್ಕೂ ಅದು ಮುಚ್ಚಿದ್ದನ್ನು ಕಂಡವರಿಲ್ಲ. ಈ ಭಯದಿಂದಾಗಿಯೇ ಕುವೈತಿನ ನಮ್ಮ ಕನ್ನಡದ ಗುಂಪು ಶುಕ್ರವಾರದ ಪಿಕ್‌ನಿಕ್ಕುಗಳಲ್ಲಿ ನನಗೊಂದು ಕಾಯಂ ಹುದ್ದೆ ಕೊಟ್ಟಿತ್ತು. ಮಂಗಫ್ ಕಡಲಿಗೆ ಇಳಿಯುವ ಮೊದಲು ಹೆಂಗಸರು ಬಳೆ, ಉಂಗುರ, ಸರ ಬಿಚ್ಚಿ ಕೊಡುತ್ತಿದ್ದರು. ನೀರಿಗಿಳಿಯದವನು ಅವನ್ನೆಲ್ಲ ಇಟ್ಟುಕೊಂಡು ದಡದಲ್ಲಿ ಕೂರಬೇಕು. 'ಲಾಕರ್' ಎಂದೇ ನನ್ನನ್ನು ಕರೆಯುತ್ತಿದ್ದರು.

ಎರಡು ಸಾವಿರದ ದಶಕದ ಮೊದಲ ವರ್ಷಗಳು. ನನಗಾಗ ಇಪ್ಪತ್ತಮೂರು. ಭಾವ ಅಹ್ಮದಿಯ ತೈಲ ಕಂಪನಿಯಲ್ಲಿ ಎಂಜಿನಿಯರ್. ಮಂಗಫ್‌ನಲ್ಲಿದ್ದ ಅವರ ಫ್ಲ್ಯಾಟಿನಲ್ಲೇ ನನ್ನ ಊಟ, ನಿದ್ದೆ. ಹವಲ್ಲಿಯ ಒಂದು ಮೊಬೈಲ್ ಅಂಗಡಿಯಲ್ಲಿ ಕೆಲಸ. ಉಳಿದ ಹೊತ್ತಿನಲ್ಲಿ ಒಬ್ಬೊಬ್ಬರನ್ನೂ ಅಣಕಿಸಿ ಅವರ ಹಾಗೆ ಮಾತಾಡುವುದು, ಅವರ ಹಾಗೆ ನಡೆಯುವುದು. ಅದಕ್ಕೆ ಸಂಬಳವಿರಲಿಲ್ಲ.

ಆ ಶುಕ್ರವಾರ ಅಕ್ಕ ಮಾಂಗಲ್ಯದ ಸರ ತೆಗೆದು, ನನ್ನದೇ ಕರವಸ್ತ್ರದಲ್ಲಿ ಗಂಟು ಹಾಕಿ ಕೊಟ್ಟಳು. ಕುತ್ತಿಗೆ ಬರಿದಾಗಿರಬಾರದೆಂದು ಅರಿಶಿನದ ಕೊಂಬು ಕಟ್ಟಿದ ದಾರ ಹಾಕಿಕೊಂಡು ಮಕ್ಕಳೊಂದಿಗೆ ನೀರಿಗಿಳಿದಳು. ಸರದಲ್ಲಿ ಎರಡು ತಾಳಿ. ಒಂದು ಗಂಡನ ಮನೆಯವರು ಹಾಕಿಸಿದ್ದು. ಇನ್ನೊಂದು ನಮ್ಮ ಅಮ್ಮ ತನ್ನ ಓಲೆ ಕರಗಿಸಿ ಮಾಡಿಸಿದ್ದು.

ದಡದಲ್ಲಿದ್ದವರು ಶುರು ಮಾಡಿದರು. "ಏ ಲಾಕರ್, ಸುಮ್ನೆ ಕೂತಿದ್ದೀಯಲ್ಲೋ. ನಿಮ್ಮ ಭಾವನ್ನ ಮಾಡು!"

ಮಾಡಿದೆ. ಭಾವ ಪೈಪ್‌ಲೈನ್ ಪರೀಕ್ಷೆ ಮಾಡುವಂತೆ ಅಲೆಯ ಅಂಚಿನಗುಂಟ ನಡೆದೆ. ಒಂದು ಕೈ ಸೊಂಟದ ಮೇಲೆ, ನಾಲ್ಕು ಹೆಜ್ಜೆಗೊಮ್ಮೆ ನಿಂತು, ಜೇಬಿನಿಂದ ಕರವಸ್ತ್ರ ಕೊಡವಿ, ಹಣೆ ಒರೆಸಿ, "ಯಾರ್ರೀ ಇಲ್ಲಿ ವಾಲ್ವ್ ಬಿಟ್ಟಿರೋದು?" ಎಂದು ಕಡಲನ್ನೇ ಗದರಿಸಿದೆ. ಜನ ಮರಳಿನ ಮೇಲೆ ಬಿದ್ದು ನಕ್ಕರು. ಭಾವನೂ ನಕ್ಕರು. ನಾನು ಮೂರು ಸಲ ಹಣೆ ಒರೆಸಿಕೊಂಡೆ.

ಮನೆಗೆ ಬಂದು ಅಕ್ಕ ಕೈ ಚಾಚಿದಾಗ ಜೇಬಿನಲ್ಲಿ ಗಂಟಿಲ್ಲದ ಕರವಸ್ತ್ರವಿತ್ತು.

"ಕೊಂಡಿ ಸಡಿಲ ಆಗಿದೆ ಅಕ್ಕ," ಎಂದಿತು ನನ್ನ ಬಾಯಿ. "ಹವಲ್ಲೀಲಿ ಒಬ್ಬ ಅಕ್ಕಸಾಲಿ ಗೊತ್ತು. ಹಾಕಿಸ್ಕೊಂಡು ಬರ್ತೀನಿ."

"ಗುರುವಾರ ಸಾಯಂಕಾಲ ಅತ್ತೆ ಬರ್ತಾರೆ ಕಣೋ. ಅರಿಶಿನದ ಕೊಂಬು ಕಟ್ಕೊಂಡು ಏರ್‌ಪೋರ್ಟಲ್ಲಿ ನಿಂತ್ಕೊಳ್ಳಕ್ಕಾಗಲ್ಲ. ಅಷ್ಟರೊಳಗೆ ಬೇಕು."

"ಬುಧವಾರಾನೇ ತಂದ್ಕೊಡ್ತೀನಿ," ಎಂದೆ. ಸುಳ್ಳು ಹೇಳುವಾಗ ನನ್ನ ಧ್ವನಿ ನಿಜ ಹೇಳುವಾಗಿನದಕ್ಕಿಂತ ಚೆನ್ನಾಗಿರುತ್ತದೆ.

ನಮ್ಮ ಅಂಗಡಿಯ ಪಕ್ಕದಲ್ಲಿ ಮರುಭೂಮಿಗೆ ಹೋಗುವವರ ಸಾಮಾನಿನ ಅಂಗಡಿಯೊಂದಿತ್ತು: ಡೇರೆ, ಗಾಳ, ಒಲೆ, ಗೋಡೆಯ ಮೇಲೆ ಮೂರು ಮೆಟಲ್ ಡಿಟೆಕ್ಟರ್. ಮಾರುತ್ತಿದ್ದವರು ಉಳ್ಳಾಲದ ಕಡೆಯ ಬ್ಯಾರಿ ಭಾಯಿ. ಅವರನ್ನು ನಾನು ದಿನಾ ಅವರ ಮುಂದೆಯೇ ಅಣಕಿಸುತ್ತಿದ್ದೆ. ಹಾಗಾಗಿ ಶನಿವಾರ ಬೆವರುತ್ತ ಹೋಗಿ, "ಭಾಯಿ, ನೆಲಕ್ಕೂ ನೀರಿಗೂ ಆಗೋ ಅಗ್ಗದ ಮೆಷೀನು ಬೇಕು," ಎಂದಾಗ ಅವರು ಚಹಾದಿಂದ ತಲೆಯೆತ್ತಲಿಲ್ಲ.

"ಇವತ್ತು ಯಾರ ವೇಷ ಮಾರಾಯ? ಗಿರಾಕಿಯದ್ದಾ?"

"ನಿಜವಾಗ್ಲೂ ಬೇಕು. ಫ್ರೆಂಡ್‌ದು ಉಂಗುರ ಬಿದ್ದಿದೆ."

ಉಂಗುರ ಎಂದೆ. ಚಿನ್ನ ಎನ್ನಲಿಲ್ಲ, ತಾಳಿ ಎನ್ನಲಿಲ್ಲ. ಹೇಳಿದರೆ ಸಂಜೆಯೊಳಗೆ ಸುದ್ದಿ ಸಲ್ವಾ ದಾಟಿ ಮಂಗಫ್ ತಲುಪುತ್ತಿತ್ತು.

ಭಾಯಿ ಮೂರನ್ನೂ ಇಳಿಸಿ ತೋರಿಸಿದರು. ಒಂದು ಆಟಿಕೆಯಷ್ಟು ಹಗುರ, ಒಣನೆಲಕ್ಕೆ ಸಾಕು. ನಡುವಿನದರ ತಟ್ಟೆ ನೀರಿನಲ್ಲಿ ಮುಳುಗಿಸಬಹುದು, ಉಪ್ಪುಮರಳಿಗೆ ಹೊಂದಿಸಲು ಒಂದು ತಿರುಗಣಿ, ಬೇಡದ ಲೋಹದ ಬಾಯಿ ಮುಚ್ಚಿಸಲು ಇನ್ನೊಂದು. "ಪೆಟ್ಟಿಗೆಗೆ ಮಾತ್ರ ನೀರು ತಾಗಬಾರದು. ತಾಗಿದ್ರೆ ಖಲಾಸ್. ಕೋಲಿಂದ ಬಿಚ್ಚಿ ಕುತ್ತಿಗೆಗೆ ಕಟ್ಟಿಕೊಳ್ಳಬಹುದು, ವಯರ್ ಉದ್ದ ಉಂಟು, ಹೆಡ್‌ಫೋನೂ ಉಂಟು." ಮೂರನೆಯದು ಪೂರ್ತಿ ನೀರಿನೊಳಗಿನದು, ಅದರ ಬೆಲೆ ಕೇಳಿ ನಾನು ಅದನ್ನು ಅತ್ತ ಸರಿಸಿದೆ.

ಮೂರು ತೋರಿಸಿ ನಡುವಿನದನ್ನು ಮಾರುವುದು ಅಂಗಡಿಯವರ ಹಳೆಯ ವಿದ್ಯೆ. ನಾನೂ ಮೊಬೈಲು ಹಾಗೇ ಮಾರುತ್ತಿದ್ದೆ. ನನ್ನ ಹತ್ತಿರವೇ ಈ ಆಟವೇ ಎಂದು ಜಾಣತನದಿಂದ ಮೊದಲನೆಯದನ್ನು ಕೊಂಡೆ.

ಅಂಗಡಿಗಳು ಒಂದಕ್ಕೆ ಮುಚ್ಚಿದರೆ ಮತ್ತೆ ತೆರೆಯುವುದು ನಾಲ್ಕೂವರೆಗೆ. ಆ ದಿನಗಳಲ್ಲಿ ಕಡಲು ಇಳಿಯುತ್ತಿದ್ದುದೂ ಮಧ್ಯಾಹ್ನವೇ. ಭಾನುವಾರ ಬಸ್ಸು ಹತ್ತಿ ಮಂಗಫ್‌ಗೆ ಬಂದು ಮೆಷೀನು ಬಿಚ್ಚಿದೆ. ಒಣಮರಳಿನ ಮೇಲೆ ಅದು ಸಭ್ಯವಾಗಿತ್ತು. ಒದ್ದೆ ಮರಳಿಗೆ ಒಯ್ದದ್ದೇ ತಡ, ಚೇಳು ಕುಟುಕಿದಂತೆ ಚೀರತೊಡಗಿತು. ಉಪ್ಪೇ ಅದಕ್ಕೆ ಲೋಹ. ಕಡಲುದ್ದಕ್ಕೂ ನಿಧಿ ಇದೆ ಎಂದು ಅದು ಕೂಗುತ್ತಿತ್ತು. ಅಕ್ಕನ ತಾಳಿ ಬಿದ್ದಿದ್ದೋ ಒದ್ದೆ ಮರಳಿನಲ್ಲಿ.

ಸೋಮವಾರ ಬೆಳಿಗ್ಗೆ ಅದನ್ನು ವಾಪಸ್ ಒಯ್ದೆ. ಭಾಯಿ ಎದ್ದು ನಿಂತು, ಅಂಗಿಯ ಕಾಲರ್ ಸರಿಮಾಡಿಕೊಂಡು, ಮೂಗಿನಲ್ಲಿ ಎಂದರು: "ಸಾರಿ ಸರ್, ಬಾಕ್ಸ್ ಓಪನ್ ಆದ್ಮೇಲೆ ರಿಟರ್ನ್ ಇಲ್ಲ ಸರ್."

ಅದು ನಾನೇ. ಗಿರಾಕಿಗಳೊಂದಿಗೆ ನಾನು ಮಾತಾಡುವ ರೀತಿ. ನಾನು ಇಷ್ಟು ಅಸಹ್ಯವಾಗಿದ್ದೇನೆಂದು ಯಾರೂ ಹೇಳಿರಲಿಲ್ಲ.

ನನ್ನ ಮುಖ ನೋಡಿ ಅವರ ನಗು ನಿಂತಿತು. "ಎಂತ ಮಾರಾಯ, ಕಣ್ಣಲ್ಲಿ ನೀರು? ತಗೊ ನಡುವಿನದ್ದು. ಮೇಲಿನ ದುಡ್ಡು ಆಮೇಲೆ ಕೊಡು." ಅಷ್ಟಕ್ಕೇ ಬಿಡದೆ, ಅಂಗಡಿಯ ಹಿಂದಿನ ಮರಳಿನಲ್ಲಿ ತಮ್ಮ ಉಂಗುರ ಹೂತು, ತಟ್ಟೆ ಆಡಿಸಿ ತೋರಿಸಿದರು. ಸೈಕಲ್ ಬೆಲ್ಲಿನಂಥ ಸ್ಪಷ್ಟ ಸ್ವರ. "ನೀನು ಸ್ವರ ಹಿಡಿಯುವವ ಅಲ್ವಾ? ಇದನ್ನು ಕಲಿ. ಇದಕ್ಕಿಂತ ಕೆಳಗಿನ ಸ್ವರ ಎಲ್ಲ ತಗಡು, ಮುಚ್ಚಳ. ಕಟ್ ಮಾಡುವ." ತಿರುಗಣಿಯನ್ನು ಅಲ್ಲಿಗೆ ತಂದು ನಿಲ್ಲಿಸಿದರು.

ಸೋಮವಾರ, ಮಂಗಳವಾರ ಆ ಬೆಲ್ಲಿಗಾಗಿ ನಡೆದೆ. ಮೆಷೀನು ಮೌನ. ಎರಡು ಸಲ ಬೆಲ್ಲಾಯಿತು, ಎರಡೂ ನೂರು ಫಿಲ್ಸ್ ನಾಣ್ಯ. ಮಂಗಳವಾರ ಪೊಲೀಸನೊಬ್ಬ ಜೀಪಿಳಿದು ಬಂದ.

"ಶಿನೂ ಹಾದಾ?" ಏನಿದು ಎಂದು ತಟ್ಟೆಗೆ ಬೆರಳು ತೋರಿಸಿದ.

ನನ್ನ ಇಕಾಮಾ, ಅಲ್ಲಿ ವಾಸಿಸುವ ಪರವಾನಗಿಯ ಕಾರ್ಡು, ಕೊಟ್ಟೆ. ಅಕ್ಕ, ಚಿನ್ನ, ಕಡಲು ಎಂಬ ಮೂರು ಅರಬ್ಬಿ ಪದಗಳನ್ನು ಮುಂದೆ ಹಿಂದೆ ಮಾಡಿ ಹೇಳಿದೆ. ಬೇರೆ ದಿನವಾಗಿದ್ದರೆ ಅವನ ಹೊಟ್ಟೆಯ ನಡಿಗೆ ಸಂಜೆಗೆ ನನ್ನದಾಗುತ್ತಿತ್ತು. ಆ ದಿನ ಅವನು ಕಾರ್ಡು ತಿರುಗಿಸಿ ತಿರುಗಿಸಿ ನೋಡುವಾಗ ನಾನು ಅವನ ಬೆರಳುಗಳನ್ನಷ್ಟೇ ನೋಡುತ್ತಿದ್ದೆ. ಕಾರ್ಡು ವಾಪಸ್ ಕೊಟ್ಟು, ಯುದ್ಧ ಕಾಲದ ಕಬ್ಬಿಣ ಈಗಲೂ ಸಿಗುತ್ತದೆ, ದೊಡ್ಡದೇನಾದರೂ ಕಂಡರೆ ಮುಟ್ಟಬೇಡ, ನಮಗೆ ಹೇಳು ಎಂದು ಕೈಸನ್ನೆಯಲ್ಲಿ ತಿಳಿಸಿದ. ಅವನ ಎರಡು ಕೈಗಳು 'ಢಂ' ಎಂದು ಅಗಲವಾದವು. ಆಮೇಲೆ ಸಲಿಕೆ ಊರುವಾಗಲೆಲ್ಲ ಆ ಕೈಗಳೇ ಕಾಣುತ್ತಿದ್ದವು.

ಮನೆಯಲ್ಲಿ ಅಕ್ಕ ದಿನಾ ಕೇಳುತ್ತಿದ್ದಳು. "ಒಂದು ಕೊಂಡಿಗೆ ಎಷ್ಟು ದಿನವೋ? ನಂಬರ್ ಕೊಡು, ನಾನೇ ಮಾತಾಡ್ತೀನಿ."

"ಅವನಿಗೆ ಕನ್ನಡ ಬರಲ್ಲ."

"ನನಗೆ ಹಿಂದಿ ಬರುತ್ತೆ."

"ಅವನಿಗೆ ಕಿವೀನೂ ಕೇಳಲ್ಲ."

ಬುಧವಾರ ಮೂರೂವರೆಯ ಹೊತ್ತಿಗೆ ತಟ್ಟೆಯ ಮುಂದೆ ಒಂದು ಜೊತೆ ಕಪ್ಪು ಬೂಟು ಬಂದು ನಿಂತಿತು. ಭಾವ. ಅಹ್ಮದಿಯಿಂದ ಮನೆಗೆ ಹೋಗುವಾಗ ರಸ್ತೆಯಿಂದಲೇ ನನ್ನನ್ನು ಕಂಡಿದ್ದರು.

"ಏನು, ಅಂಗಡಿ ಬಿಟ್ಟು ಕಬ್ಬಿಣ ಆಯೋಕೆ ಶುರು ಮಾಡಿದ್ಯಾ?"

ಹೇಳಿಬಿಟ್ಟೆ. ಕರವಸ್ತ್ರದಿಂದ ಹಿಡಿದು ಕಿವುಡ ಅಕ್ಕಸಾಲಿಯವರೆಗೆ. ಬಯ್ಯುತ್ತಾರೆ ಎಂದು ಕಾದೆ. ಭಾವ ಕಡಲನ್ನು ನೋಡಿದರು, ತಿರುಗಣಿ ನೋಡಿದರು. ಮದುವೆಯ ಉಂಗುರ ಬಿಚ್ಚಿ, ನನ್ನ ಮುಂದೆ ಒದ್ದೆ ಮರಳಿನ ಮೇಲೆ ಎಸೆದರು.

"ಇದನ್ನ ಹುಡುಕು."

ಕಣ್ಣಿಗೆ ಕಾಣುವ ಉಂಗುರದ ಮೇಲೆ ತಟ್ಟೆ ಆಡಿಸಿದೆ. ಮೆಷೀನು ಉಸಿರೆತ್ತಲಿಲ್ಲ. ಇನ್ನೊಮ್ಮೆ. ಇಲ್ಲ.

"ಇದನ್ನ ಯಾವ ಉಂಗುರ ಇಟ್ಟು ಸೆಟ್ ಮಾಡಿದ್ದು?"

"ಅಂಗಡಿ ಭಾಯಿದು."

"ಬ್ಯಾರಿ ಗಂಡಸರು ಚಿನ್ನ ಹಾಕ್ತಾರೇನೋ?"

ಹಾಕುವುದಿಲ್ಲ, ಮುಸ್ಲಿಂ ಗಂಡಸರಿಗೆ ಚಿನ್ನ ನಿಷಿದ್ಧ. ಆ ಉಂಗುರ ಬೆಳ್ಳಿಯದು. ವರ್ಷದಿಂದ ಅವರ ಕೈ ಬೀಸುವ ರೀತಿಯನ್ನು ನಕಲು ಮಾಡಿದವನು ನಾನು, ಆ ಕೈಯಲ್ಲಿದ್ದದ್ದು ಬೆಳ್ಳಿ ಎಂದು ಗಮನಿಸಿರಲಿಲ್ಲ. ಚಿನ್ನ ಎಂದು ಒಂದು ಮಾತು ಹೇಳಿದ್ದರೆ ಭಾಯಿ ಆ ಉಂಗುರ ಬಿಚ್ಚುತ್ತಲೇ ಇರಲಿಲ್ಲ. ಭಾವ ತಿರುಗಣಿಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಿದರು. ಈಗ ಉಂಗುರ ಮಾತಾಡಿತು: ಗಂಟಲು ಕಟ್ಟಿದ ಕೋಳಿಯಂತೆ, ಬೆಳ್ಳಿಯ ಬೆಲ್ಲಿಗಿಂತ ಕೆಳಗೆ, ಮಂಕಾಗಿ. ಸಿಗರೇಟಿನ ತಗಡೂ ಹಾಗೇ, ತಂಪುಪಾನೀಯದ ಡಬ್ಬಿ ತೆರೆಯುವ ಕಿವಿಯೂ ಹಾಗೇ. ಮೂರು ದಿನದಲ್ಲಿ ನಾನು ತಾಳಿಯ ಮೇಲೇ ಎಷ್ಟು ಸಲ ನಡೆದಿದ್ದೆನೋ.

"ಸರ ಹುಡುಕಬೇಡ," ಎಂದರು ಭಾವ. "ಸಣ್ಣ ಕೊಂಡಿಗಳು, ಇದಕ್ಕೆ ಕೇಳಿಸಲ್ಲ. ತಾಳಿ ಬಿಲ್ಲೆ ಸಿಕ್ರೆ ಸಿಕ್ಕೀತು. ನಾಳೆ ನಾನೂ ಬರ್ತೀನಿ. ಆದ್ರೆ ಇವತ್ತೇ ಅವಳಿಗೆ ನೀನು ಹೇಳ್ಬೇಕು."

ಅಕ್ಕ ಅಡುಗೆಮನೆಯಲ್ಲಿ ಅತ್ತೆಗೆಂದು ಕೋಡುಬಳೆ ಹೊಸೆಯುತ್ತಿದ್ದಳು. ಹೇಳಿದೆ. ಮಾತಿನ ಮಧ್ಯದಲ್ಲೇ, ಹಿಟ್ಟಿನಲ್ಲಿ ಕೈಯಾಡಿಸುತ್ತ, "ಇದ್ಯಾರ ಥರ ಮಾತಾಡ್ತಿದ್ದೀಯೋ? ಗುರುತೇ ಸಿಗ್ತಿಲ್ಲ," ಎಂದಳು.

"ನನ್ನ ಥರ, ಅಕ್ಕ."

ಅವಳ ಕೈ ಹಿಟ್ಟಿನಲ್ಲೇ ನಿಂತಿತು. ಅವಳು ಅಳಲಿಲ್ಲ. ಕೇಳಿದ್ದು ಒಂದೇ: "ಎಲ್ಲಿ ನಿಂತು ಹಣೆ ಒರೆಸ್ಕೊಂಡೆ?"

ಗುರುವಾರ ಭಾವನೂ ಅವಳೂ ಮೂರಕ್ಕೇ ಕಡಲಿಗೆ ಬಂದರು. ವಿಮಾನ ಏಳಕ್ಕೆ. ನಾನು ಅಂಗಡಿಗೆ ಹೊಟ್ಟೆನೋವೆಂದು ಹೇಳಿದ್ದೆ. ಅಕ್ಕ ನಮ್ಮ ಗುಂಪು ಕೂತಿದ್ದ ಜಾಗ ಗುರುತಿಸಿ, ಚಾಪೆಯಿದ್ದಲ್ಲಿ ಚಪ್ಪಲಿ ಇಟ್ಟಳು.

"ಮಾಡು," ಎಂದಳು.

"ಏನು?"

"ಅವತ್ತು ಮಾಡಿದ್ದು. ಇದ್ದ ಹಾಗೆ."

ಭಾವನೆದುರು ಭಾವನಾದೆ. ಯಾರೂ ನಗದ ಕಡೆ ನಕಲು ಮಾಡುವುದು ಎಷ್ಟು ಕಷ್ಟವೆಂದು ಆ ದಿನ ಗೊತ್ತಾಯಿತು. ಸೊಂಟದ ಮೇಲೆ ಕೈ. ಒಂದು, ಎರಡು, ಮೂರು, ನಾಲ್ಕು. ಕರವಸ್ತ್ರ ಕೊಡವಿದೆ.

"ನಾನು ಹೀಗೆ ನಡೀತೀನಾ?" ಎಂದರು ಭಾವ.

"ಹೀಗೇ. ನೀವು ಸುಮ್ನಿರಿ," ಎಂದಳು ಅಕ್ಕ. "ಏಯ್, ಕೈ ಯಾವ ಕಡೆ ಕೊಡವಿದೆ? ನೀರಿನ ಕಡೆಗಾ?"

"ನೀರಿನ ಕಡೆಗೆ."

ಮೂರು ಜಾಗಕ್ಕೂ ಕಡ್ಡಿ ನೆಟ್ಟಳು. ಮೊದಲನೆಯ ಕಡ್ಡಿಯ ಸುತ್ತ ಡಬ್ಬಿಯ ಕಿವಿಗಳು, ಒಂದು ಚಮಚ. ಎರಡನೆಯದರ ಹತ್ತಿರ ಕೆಳಗಿನಿಂದ ದಪ್ಪ, ಅಗಲ ಸದ್ದು ಬಂತು. ಭಾವ ನನ್ನ ಕೈಹಿಡಿದು ಹಿಂದಕ್ಕೆಳೆದರು. ನನಗೆ ಪೊಲೀಸನ 'ಢಂ' ನೆನಪಾಯಿತು. ಅದನ್ನು ಅಗೆಯದೆ ಸುತ್ತು ಹಾಕಿ ಹೋದೆವು.

ಮೂರನೆಯ ಕಡ್ಡಿಯಿಂದ ಎರಡು ಮಾರು ಮುಂದೆ, ಪಾದ ಮುಳುಗುವ ನೀರಿನಲ್ಲಿ, ಮಂಕು ಸ್ವರ. ಭಾವ ಸಲಿಕೆಯಿಂದ ಎತ್ತಿದ ಮರಳನ್ನು ಅಕ್ಕ ಬೊಗಸೆಯಲ್ಲಿ ತೊಳೆದಳು. ಕರಿಮಣಿಯೊಂದು ಜಾರಿತು. ಆಮೇಲೆ ಹರಿದ ಸರದ ತುಂಡು, ಅದಕ್ಕೆ ಜೋತುಬಿದ್ದ ಒಂದು ತಾಳಿ.

ನಾನು ಕೂಗಿದೆ. ಭಾವ ಮರಳಿನಲ್ಲಿ ಕೂತುಬಿಟ್ಟರು. ಅಕ್ಕ ಅದನ್ನು ತಿರುಗಿಸಿ ನೋಡಿದಳು.

"ಅತ್ತೆ ಮನೇದು," ಎಂದಳು.

"ಬಚಾವ್!" ಎಂದೆ. ಅಕ್ಕ ನನ್ನನ್ನು ನೋಡಿದ ರೀತಿಗೆ ಆ ಮಾತನ್ನು ಮತ್ತೆ ನುಂಗುವಂತಿದ್ದರೆ ನುಂಗುತ್ತಿದ್ದೆ.

ದಾರದಲ್ಲಿದ್ದ ಕೊಂಬಿನ ಪಕ್ಕಕ್ಕೆ ತಾಳಿ ಪೋಣಿಸಿ ಗಂಟು ಹಾಕಿಕೊಂಡಳು. "ರೀ, ನೀವು ಏರ್‌ಪೋರ್ಟಿಗೆ ಹೊರಡಿ."

"ನೀನು? ಅಮ್ಮ ಕೇಳಿದ್ರೆ ಏನನ್ಲಿ?"

"ಇದ್ದದ್ದು ಹೇಳಿ. ಸೊಸೆ ತವರುಮನೆ ತಾಳಿ ಹುಡುಕ್ತಿದ್ದಾಳೆ ಅನ್ನಿ."

ಭಾವನ ಕಾರು ಹೋಯಿತು. ಕಡಲು ತಿರುಗಿ ಏರತೊಡಗಿತ್ತು. ಕಡ್ಡಿಗಳ ಬುಡಕ್ಕೆ ನೀರು ಬಂದಿತ್ತು. ಅಕ್ಕ ಸೆರಗು ಬಿಗಿದು, ಕೋಲು ತನ್ನ ಕೈಗೆ ತೆಗೆದುಕೊಂಡಳು. ಪೆಟ್ಟಿಗೆ ಬಿಚ್ಚಿ ನನ್ನ ಕುತ್ತಿಗೆಗೆ ಕಟ್ಟಿದಳು. ಕಿವಿಗೆ ಹೆಡ್‌ಫೋನು ನನ್ನದು, ತಟ್ಟೆ ಅವಳದು, ನಡುವೆ ಐದು ಮೊಳ ವಯರು. ಅವಳು ಹೋದಲ್ಲಿ ನಾನು ಹೋಗಲೇಬೇಕು.

"ಏನಾದ್ರೂ ಕೇಳಿಸ್ತಾ?"

"ಇಲ್ಲ ಅಕ್ಕ."

ಮೊಣಕಾಲು. ತೊಡೆ. ಸೊಂಟಕ್ಕೆ ನೀರು ಮುಟ್ಟಿದಾಗ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ತಲೆಯ ಮೇಲಕ್ಕೆತ್ತಿದೆ. ಅಲೆಯೊಂದು ಎದೆಗೆ ಹೊಡೆದು ಹೋಯಿತು. ಅಮ್ಮನ ತಾಳಿ ಆ ದಿನ ಸಿಗಲಿಲ್ಲ, ಆಮೇಲೂ ಸಿಗಲಿಲ್ಲ. ಆದರೆ ಆಗ ನಮಗೆ ಅದು ಗೊತ್ತಿರಲಿಲ್ಲ. ಬೆಳಕು ಇನ್ನೂ ಇತ್ತು, ಅಕ್ಕ ಮುಂದೆ ಮುಂದೆ ತಟ್ಟೆ ಆಡಿಸುತ್ತಿದ್ದಳು.

"ಇನ್ನೊಂದು ಹೆಜ್ಜೆ ಬಾರೋ," ಎಂದಳು, ತಿರುಗಿ ನೋಡದೆ.

ಇಟ್ಟೆ.