ರಾಣಿಯನ್ನು ಗದರಲಾರದ ರಾಜ

ಹಗರೆಯ ಡೈರಿಯಲ್ಲಿ ಹಾಲು ಅಳೆಯುವ ಗಂಗಯ್ಯನಿಗೆ ಊರಿನ ನಾಟಕದಲ್ಲಿ ಯಾವತ್ತೂ ಬಾಗಿಲು ಕಾಯುವ ಪಾತ್ರವೇ. ಈಟಿ ಹಿಡಿದು ನಿಂತೂ ನಿಂತೂ ಅವನ ತಲೆ ನರೆಯಿತು. ಈ ವರ್ಷ, ರಾಜನ ಪಾತ್ರ ಮಾಡುತ್ತಿದ್ದ ಲಕ್ಕಪ್ಪ ಮಂಡಿನೋವೆಂದು ಹಿಂದೆ ಸರಿದಾಗ, ಕಿರೀಟ ಗಂಗಯ್ಯನ ತಲೆಗೆ ಬಂತು.

ಊರವರು ಆಡುತ್ತಿದ್ದುದು ಅಜ್ಜಂದಿರ ಕಾಲದ ಒಂದೇ ದುಃಖದ ಕಥೆ. ಮಂತ್ರಿಯ ಚಾಡಿ ನಂಬಿ ರಾಜ ತನ್ನ ರಾಣಿಯನ್ನು ಅರಮನೆಯಿಂದ ಹೊರಗೆ ಹಾಕುತ್ತಾನೆ. ನಿಜ ತಿಳಿಯುವ ಹೊತ್ತಿಗೆ ಅವಳು ಬದುಕಿರುವುದಿಲ್ಲ. ಹಾರ್ಮೋನಿಯಂ ಮೇಷ್ಟ್ರು ಮರಿಯಣ್ಣನವರು ಕಲಿಸುತ್ತಿದ್ದ ರೀತಿಯೂ ಒಂದೇ. ಮಂತ್ರಿ ನಗಬೇಕು, ರಾಣಿ ಅಳಬೇಕು, ರಾಜ ಗುಡುಗಬೇಕು.

ರಾಣಿಯ ಪಾತ್ರಕ್ಕೆ ಅರಸೀಕೆರೆಯಿಂದ ಇಂದು ಎಂಬಾಕೆ ಬರುತ್ತಿದ್ದಳು, ಅದೂ ನಾಟಕದ ದಿನವೇ. ಅಲ್ಲಿಯವರೆಗೆ ತಾಲೀಮಿನಲ್ಲಿ ರಾಣಿಯ ಜಾಗಕ್ಕೆ ಒಂದು ರಾಗಿ ಮೂಟೆ. ಮೂಟೆಯ ಮುಂದೆ ಗಂಗಯ್ಯ ಗುಡುಗುತ್ತಿದ್ದ, ಗುಡುಗಿನ ನಡುವೆ ಮಾತು ಮರೆಯುತ್ತಿದ್ದ. ಹೀಗೇ ಆದರೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದು ಮೇಷ್ಟ್ರು ಹೇಳಿಬಿಟ್ಟರು. ಗಂಗಯ್ಯ ಪೆಚ್ಚಾಗಿ ಮನೆಗೆ ಬಂದ. ಮತ್ತೆ ಯಾರು ಕೊಡುತ್ತಾರೆ ಈ ಪಾತ್ರ?

ಹೆಂಡತಿ ವೆಂಕಟಲಕ್ಷ್ಮಮ್ಮ ಅವರೆಕಾಯಿ ಸುಲಿಯುತ್ತಿದ್ದವಳು, ರಾಜನ ಮಾತನ್ನು ತನ್ನ ಮುಂದೆಯೇ ಹೇಳಿ ನೋಡಿ ಎಂದಳು.

"ಎಲೇ ಪಾಪಿಷ್ಠೆ," ಎಂದ. ಅಲ್ಲಿಗೇ ನಿಂತ. ಅವಳು ಕಣ್ಣೆತ್ತಿ ಅವನನ್ನೇ ನೋಡುತ್ತಿದ್ದಳು. ಮದುವೆಯಾದಾಗಿನಿಂದ ಅವನು ಅವಳಿಗೆ ಅಂಥ ಮಾತಾಡಿದವನಲ್ಲ. ಮತ್ತೆ ಶುರುಮಾಡಿದ, ದನಿ ತಾನಾಗಿಯೇ ತಗ್ಗಿತು. ಮುಖ ನೋಡಲಾಗದೆ ಅವಳ ಕಾಲುಂಗುರ ನೋಡುತ್ತ ಕೊನೆಯವರೆಗೂ ಹೇಳಿದ. ಒಂದು ಮಾತೂ ಮರೆಯಲಿಲ್ಲ.

"ಇದು ರಾಜ ಅಲ್ಲ ಕಣೇ," ಎಂದು ಕೂತುಬಿಟ್ಟ.

"ಯಾಕಲ್ಲ? ಅವನಿಗೂ ಹೆಂಡ್ತಿ ಮೇಲೆ ಆಸೆ ಇತ್ತಲ್ವಾ? ಹಿಂಗೇ ಹೇಳಿ."

ಮರುದಿನ ತಾಲೀಮಿನಲ್ಲಿ ಹಾಗೇ ಹೇಳಿದ. ಲಕ್ಕಪ್ಪ ಜಗಲಿಯಿಂದಲೇ ನಕ್ಕ. "ಏನ್ಲಾ, ರಾಣೀನ ಓಡಿಸ್ತಿದ್ದೀಯೋ, ಬಸ್ ಹತ್ತಿಸ್ತಿದ್ದೀಯೋ?" ಹಿಂದಿನ ಸಾಲಿಗೆ ಕೇಳದ ರಾಜ ತಮಗೆ ಬೇಡವೆಂದರು ಮೇಷ್ಟ್ರು. ಗಂಗಯ್ಯ ಹೆದರಿ, ನಾಟಕದ ದಿನ ಖಂಡಿತ ಗುಡುಗುತ್ತೇನೆಂದು ಮಾತು ಕೊಟ್ಟ.

ರಾತ್ರಿ ಹತ್ತರ ಮೇಲೆ ಮೈಕ್ ಹಾಕುವಂತಿಲ್ಲವೆಂದು ನಾಟಕ ಮಧ್ಯಾಹ್ನವೇ ಶುರುವಾಯಿತು. ಆ ದೃಶ್ಯ ಬಂತು. ಗುಡುಗಲೆಂದೇ ಗಂಗಯ್ಯ ಎದೆ ತುಂಬ ಉಸಿರೆಳೆದುಕೊಂಡ. ರಾಣಿಯ ವೇಷದ ಇಂದು ಎದುರಿಗೆ ನಿಂತಿದ್ದಳು, ಹೊಡೆತಕ್ಕೆ ಸಿದ್ಧಳಾದವಳಂತೆ ಕಣ್ಣು ಅರ್ಧ ಮುಚ್ಚಿಕೊಂಡು. ಅದನ್ನು ನೋಡಿದ ಮೇಲೆ ಗುಡುಗು ಬರಲೇ ಇಲ್ಲ. ತಗ್ಗಿದ ದನಿಯಲ್ಲಿ, ಒಂದೊಂದೇ ಮಾತು, ಅವಳನ್ನು ಮನೆಯಿಂದ ಹೊರಡಲು ಹೇಳಿದ.

ಹಿಂದಿನ ಸಾಲಿನಿಂದ ಯಾರೋ ಒಬ್ಬ, ಜೋರಾಗಿ ಹೇಳು ಎಂದು ಕೂಗಿದ. ಪಕ್ಕದವರು ಅವನ ಬಾಯಿ ಮುಚ್ಚಿಸಿದರು. ರಾಣಿ ಕೂಡಲೇ ಅಳುವ ಹಾಡು ಎತ್ತಿಕೊಳ್ಳಬೇಕು. ಹಾರ್ಮೋನಿಯಂ ಒಂದು ಸುತ್ತು ನುಡಿದು ಮತ್ತೆ ಹಾಡಿನ ಮೊದಲಿಗೆ ಬಂದರೂ ಅವಳು ಎತ್ತಿಕೊಳ್ಳಲಿಲ್ಲ. ಅವನನ್ನೇ ನೋಡುತ್ತ ನಿಂತಿದ್ದಳು. ಮರಿಯಣ್ಣನವರು ಬೆರಳು ಹಗುರ ಮಾಡಿದರು. ಆಮೇಲೆ ಹಾಡು ಬಂತು, ಮೆಲ್ಲಗೆ.

ನಾಟಕ ಮುಗಿದ ಮೇಲೆ ಮೇಷ್ಟ್ರು, ಹಿಂದಿನ ಸಾಲಿಗೂ ಕೇಳಿಸಿತು ಎಂದಷ್ಟೇ ಹೇಳಿ ಹೋದರು. ವೆಂಕಟಲಕ್ಷ್ಮಮ್ಮ ಕಾಫಿ ತಂದಾಗ ರಾಣಿಯಾಗಿದ್ದ ಇಂದು ಮುಖದ ಬಣ್ಣ ಒರೆಸಿಕೊಳ್ಳುತ್ತಿದ್ದಳು.

"ಗಂಡಸಿ, ಗೆಂಡೆಹಳ್ಳಿ, ಎಲ್ಲಾ ಊರ ನಾಟಕದಲ್ಲೂ ರಾಜರು ನನ್ನ ಹೊರಗೆ ಹಾಕವ್ರೆ ಅಕ್ಕ," ಎಂದಳು. "ಇವತ್ತೊಂದಿನ ಹೋಗಕ್ಕೆ ಮನಸ್ಸು ಬರಲಿಲ್ಲ."

ಗಂಗಯ್ಯ ಕಿರೀಟದ ದಾರ ಬಿಚ್ಚುತ್ತ ಕೂತಿದ್ದ. ಅವನ ಹೆಂಡತಿ ಹೇಳಿದಳು. "ಹೋಗ್ಬೇಡಿ ಹಂಗಾರೆ. ಸಾರು ಐತೆ, ಉಂಡು ಮನೇಲೇ ಮಲಗಿ. ಬೆಳಿಗ್ಗೆ ಬಸ್ ಹತ್ತಿಸಕ್ಕೆ ಇವರೇ ಬತ್ತಾರೆ."