ಮೊಳೆಗೆ ಹಾಕಿದ ಹಿತ್ತಾಳೆ ಬಿಲ್ಲೆ

"ತಗೊಂಡಾವ ವಾಪಸ್ ಇಟ್ಟಿಲ್ಲಲ್ಲ!" ಎಂದು ನಾರಾಯಣಗೂಡದ ಸುಗಲಮ್ಮನವರು ಲ್ಯಾಪ್‌ಟಾಪಿಗೆ ಗದರುವುದನ್ನು ಕೇಳಿ, ಕೆಳಮನೆಯ ಲಿಂಗಣ್ಣ ಬಹಳ ದಿನ ಅವರು ಲೈಬ್ರರಿ ನಡೆಸುತ್ತಾರೆಂದೇ ತಿಳಿದಿದ್ದ. ಅಸಲಿಗೆ ಅವರು, ಯಾರು ಬೇಕಾದರೂ ತಿದ್ದಿ ಕಳಿಸಬಹುದಾದ ಒಂದು ಓಪನ್ ಸೋರ್ಸ್ ಪ್ರೋಗ್ರಾಮಿನ ಬಾಗಿಲು ಕಾಯುವವರು. ಕಂಪ್ಯೂಟರಿನಿಂದ ಮೆಮೊರಿ ಪಡೆದು, ಕೆಲಸ ಮುಗಿದ ಮೇಲೆ ಮರಳಿಸದ ಕೋಡನ್ನು ಒಳಬಿಡುವವರಲ್ಲ. ಬಾಲಾನಗರದ ವಿಮಾನ ಭಾಗಗಳ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾಗ ಉಗ್ರಾಣದಿಂದ ನಟ್ಟು ಬಿಗಿಯುವ ಪಾನಾ ಪಡೆದರೆ ತಮ್ಮ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ಮೊಳೆಗೆ ಹಾಕಬೇಕಿತ್ತು, ಪಾನಾ ಮರಳಿಸಿದರಷ್ಟೇ ಬಿಲ್ಲೆ ಕೈಗೆ. ಈಗಲೂ ತಾವು ಕೋಡಿನಲ್ಲಿ ಮೆಮೊರಿ ಕೇಳುವ ಸಾಲು ಬರೆದೊಡನೆ ಅದೇ ಹಳೆಯ ಬಿಲ್ಲೆ ಮನೆಯ ಗೋಡೆಯ ಮೊಳೆ ಏರುತ್ತದೆ. ಮರಳಿಸುವ ಸಾಲು ಬರೆಯುವವರೆಗೆ ಚಹಾ ಆರಲಿ, ಕುಕ್ಕರ್ ಕೂಗಲಿ, ಸುಗಲಮ್ಮ ಏಳುವುದಿಲ್ಲ. ಹುದ್ದೆಯ ಹೆಸರೇ ಕೋಡಿಗಿಂತ ಉದ್ದವಾಗಿರುವ ಸಮರ್ಥ್ ಎಂಬ ಇಂಜಿನಿಯರ್ ಫೋನಿನಲ್ಲಿ, "ಇವತ್ತ ಪ್ರೋಗ್ರಾಮಿನ ಹೊಸ ಆವೃತ್ತಿ ಬಿಡುಗಡೆ ಐತ್ರಿ ಮೇಡಂ, ಈ ಸಲ ಬಿಟ್ಟುಬಿಡ್ರಿ" ಎಂದು ಗೋಗರೆದರೂ ಅವನ ಕೋಡು ನಾಲ್ಕನೇ ಸಲ ವಾಪಸ್ ಹೋಯಿತು. ಆ ಪ್ರೋಗ್ರಾಮು ಓಡುವುದು ಆಸ್ಪತ್ರೆಗಳಲ್ಲಿ, ಎಳೆಗೂಸುಗಳ ಉಸಿರು ಕಾಯುವ ಯಂತ್ರದಲ್ಲಿ. ಮರಳದ ಮೆಮೊರಿ ಚೂರುಚೂರೇ ಕೂಡುತ್ತ ಹೋದರೆ ಯಂತ್ರ ಒಂದು ದಿನ ಸುಮ್ಮನಾಗಿಬಿಡುತ್ತದೆ. ಇದೆಲ್ಲ ಕೇಳಿದ ಮೇಲೂ ಲಿಂಗಣ್ಣ, "ಅಕ್ಕಾರ, ಕಂಪ್ಯೂಟರ್‌ನಾಗ ಮೆಮೊರಿ ಭಾಳ ಇರ್ತೈತಿ, ಒಂದೀಟು ಉಳಿದ್ರ ಏನಾತ್ರಿ?" ಎಂದ. ಸುಗಲಮ್ಮ ಪರದೆಯಿಂದ ಕಣ್ಣೆತ್ತಲಿಲ್ಲ. "ವಿಮಾನದಾಗೂ ಜಾಗ ಭಾಳ ಐತಿ, ಲಿಂಗಣ್ಣ. ಹಂಗಂತ ಪಾನಾ ಒಳಗ ಬಿಟ್ಟು ಹಾರಸ್ತಾರೇನು?"